ನಿನ್ನ ತೋಳಿನ ಹಳದಿ

ಮಲ್ಲಮ್ಮ, ನಿನ್ನ ತೋಳಿನ ಗಾಯದ ಬಗ್ಗೆ ನಾನು ತಪ್ಪು ಬರೆದೆ. ತಪ್ಪೆಂದು ಗೊತ್ತಾದ ಮೇಲೂ ತಿದ್ದಲಿಲ್ಲ.

ಗಬ್ಬೂರಿನಿಂದ ಮೊದಲ ಬಸ್ಸಿಗೆ ಬಂದು, ಠಾಣೆಗೆ ಹೋಗಿ, ಪೇದೆಯ ಜೊತೆ ದೇವದುರ್ಗದ ನಮ್ಮ ಆಸ್ಪತ್ರೆಗೆ ಬಂದಿದ್ದೆ ನೀನು. ನೀನು ಬಾಯಿ ತೆರೆಯುವ ಮೊದಲೇ ಅವನು, "ಗಂಡನ ಹೊಲದಾಗ ಪಾಲು ಬೇಕಂತ್ರೀ ಮೇಡಮ್ಮಾರ, ಹಳೇ ಪೆಟ್ಟು ತೋರಿಸಾಕತ್ತಾಳ," ಎಂದು ನನ್ನ ಕಿವಿಗೆ ಹಾಕಿದ್ದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ — ಡಾಕ್ಟರಾದ ನನಗೇ ಆ ರೋಗ ಹತ್ತಿತು.

"ನಿನ್ನೆ ಸಂಜಿಗಿ ಗಂಡ ಹೊಡದಾನ್ರೀ ಯವ್ವಾ," ಅಂದೆ ನೀನು. ಹೊಸ ಪೆಟ್ಟು ಕೆಂಪಗಿದ್ದು ನೀಲಿಯಾಗುತ್ತದೆ. ದಿನ ಕಳೆದಂತೆ ಹಸಿರಾಗಿ, ಹಳದಿಗೆ ತಿರುಗಿ ಮಾಯುತ್ತದೆ. ನಿನ್ನ ತೋಳು ಆಗಲೇ ಹಳದಿ. "ಸುಳ್ಳು ಹೇಳಬ್ಯಾಡ!" ಎಂದು ಹೊರಗಿದ್ದ ಪೇದೆಗೂ ಕೇಳುವಂತೆ ಗದರಿದೆ. ಹಳೆಯ ಗಾಯ, ಹೇಳಿಕೆಗೆ ಹೊಂದುವುದಿಲ್ಲ ಎಂದು ಬರೆದುಕೊಟ್ಟೆ.

ನೀನು ಹೋದ ಮೇಲೆ ಕೈಗವಸು ಕಳಚುವಾಗ ನೋಡಿದೆ — ಅದರ ಬೆರಳ ತುದಿಯೆಲ್ಲ ಹಳದಿ. ಮೂಸಿದೆ. ಎಣ್ಣೆಯಲ್ಲಿ ಕಲಸಿದ ಅರಿಶಿಣ! ಚಿಕ್ಕವಳಿದ್ದಾಗ ಮಾನ್ವಿಯಲ್ಲಿ ನಾನು ಬಿದ್ದು ಬಂದಾಗಲೆಲ್ಲ ಅವ್ವ ಹಚ್ಚುತ್ತಿದ್ದುದೂ ಅದನ್ನೇ. ಒದ್ದೆ ಹತ್ತಿಯಿಂದ ಒಮ್ಮೆ ಒರೆಸಿದ್ದರೆ, ಕೆಳಗಿನ ಕೆಂಪು...

ನೀನೂ ಪೇದೆಯೂ ಇನ್ನೂ ಅಂಗಳದ ಬೇವಿನ ಮರದ ಕೆಳಗಿದ್ದಿರಿ. ಕೂಗಿದರೆ ಕೇಳುತ್ತಿತ್ತು. ಕೂಗಲಿಲ್ಲ. ಆಗಷ್ಟೇ ಗದರಿದ ಬಾಯಿಂದ, ಅವನ ಮುಂದೆ, ತಪ್ಪಾಯಿತು ಅನ್ನಲು ನಾಚಿಕೆಯಾಯಿತು — ಅಷ್ಟೇ.

ಮುಂದೆ ನಿನ್ನನ್ನು ಮರುಪರೀಕ್ಷೆಗೆ ರಾಯಚೂರಿಗೆ ಕಳಿಸಿದರಂತೆ. ಅಷ್ಟರಲ್ಲಿ ದಿನಗಳು ಉರುಳಿ ಗಾಯ ನಿಜಕ್ಕೂ ಹಳದಿಯಾಗಿತ್ತು. ಅದು ಯಾವತ್ತಿನ ಪೆಟ್ಟು ಎಂದು ಯಾರು ಹೇಳಬೇಕು? ನಾನು ಬರೆದದ್ದೇ ಉಳಿಯಿತು. ನೀನು ಅದೇ ಗಂಡನ ಮನೆಗೆ ಮರಳಿದೆ.

ವರ್ಷಗಳಾದವು. ಮೊನ್ನೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡವಳೇ ನೀನು ಸೆರಗೆಳೆದು ತೋಳು ಮುಚ್ಚಿಕೊಂಡೆ. ಸೆರಗಿನ ಕೆಳಗೆ ಏನಿತ್ತೋ — ಕೇಳುವ ಮುಖ ನನಗಿರಲಿಲ್ಲ.

ಗಂಡನ ಮೇಲೆ ನೀನು ಹಾಕಿದ ಮೊಕದ್ದಮೆ ರಾಯಚೂರಿನಲ್ಲಿ ಇನ್ನೂ ಮುಗಿದಿಲ್ಲ. ಸಾಕ್ಷಿ ಹೇಳಲು ನನಗೆ ಕರೆ ಬಂದಿದೆ. ಅದು ಅರಿಶಿಣ, ನನಗೆ ಅವತ್ತೇ ಗೊತ್ತಿತ್ತು ಎಂದು ಎಲ್ಲರೆದುರು ಹೇಳುತ್ತೇನೆ. ಅಲ್ಲಿ ನೀನು ನನ್ನನ್ನು ನಂಬಬೇಕಾಗಿಲ್ಲ, ಮಲ್ಲಮ್ಮ. ನಾನು ನಿನ್ನನ್ನು ನಂಬಿರಲಿಲ್ಲ.