ಇಲಿಗಳ ಕೋಣೆಗೆ ಬಂದ ಲೋಬಾನ್ ಹೊಗೆ

ಬಸವಕಲ್ಯಾಣದ ಸಂತೆಯಲ್ಲಿ ಅವ್ವನ ಜೊತೆ ಬಳೆ ಮಾರಿಕೊಂಡು ಓದಿದವಳು ನಾನು. ಎಂಬತ್ತರ ದಶಕದಲ್ಲಿ ಹುಮನಾಬಾದಿನ ಒಂದು ಔಷಧ ಕಾಲೇಜಿನಲ್ಲಿ ಪಾಠ ಹೇಳುತ್ತ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದೆ. ಕೆಲಸವೆಂದರೆ, ಬಿಳಿ ಇಲಿಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಎಷ್ಟಿದೆ ಎಂದು ನೋಡುವುದು. ಅರ್ಧ ಇಲಿಗಳನ್ನು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕಿ ಹೆದರಿಸುತ್ತಿದ್ದೆ. ಉಳಿದರ್ಧ ಪಂಜರದಲ್ಲಿ ನೆಮ್ಮದಿಯಾಗಿರಬೇಕು. ಎರಡರ ನಡುವಿನ ಅಂತರವೇ ನನ್ನ ಪ್ರಬಂಧ.

ಆ ಅಂತರವೇ ಬರಲಿಲ್ಲ. ಗುರುವಾರ ಬೆಳಿಗ್ಗೆ ರಕ್ತ ತೆಗೆದು, ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಹೈದರಾಬಾದ್ ಬಸ್ಸಿಗೆ ಕೊಡುತ್ತಿದ್ದೆ. ಅಲ್ಲಿಯ ಪ್ರಯೋಗಾಲಯ ನಮಗೆ ಕೊಟ್ಟಿದ್ದು ಅದೊಂದೇ ದಿನ. ಉತ್ತರ ಬಂದಾಗಲೆಲ್ಲ ನೆಮ್ಮದಿಯ ಇಲಿಗಳಲ್ಲೂ ಹೆದರಿದವುಗಳಷ್ಟೇ ಹಾರ್ಮೋನು.

"ಇನ್ನೊಂದ್ ಸಲ ಹಿಂಗ ಬಂದ್ರ ವಿಷಯ ಬದಲ್ ಮಾಡು ತಂಗಿ," ಎಂದರು ನನ್ನ ಮಾರ್ಗದರ್ಶಕರು. "ಇಲಿ ಸಾಕೂದ್ರಾಗ ಮುದುಕಿ ಆಗ್ತಿ."

ಪಂಜರ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಈ ಹಾರ್ಮೋನು ಏರತೊಡಗುತ್ತದೆ. ನನ್ನ ಕೈಯೇನೋ ಚುರುಕು. ಹಾಗಾದರೆ ನಾನು ಬರುವ ಮೊದಲೇ ಏನೋ ನಡೆಯುತ್ತಿರಬೇಕು. ಮಾಲು ಕೆಟ್ಟರೆ ಗೋದಾಮಿನಲ್ಲೇ ಕೂತು ನೋಡಬೇಕು, ಮನೆಯಲ್ಲಿ ಕೂತು ಕೊರಗಬಾರದು. ಒಂದು ಗುರುವಾರ ಬೇಗ ಹೋಗಿ ಇಲಿ ಕೋಣೆಯ ಮೂಲೆಯಲ್ಲಿ ಕುಳಿತೆ.

ಇಲಿಗಳಿಗೆ ಕಾಳು-ನೀರು ಹಾಕುವ, ಕೊಹಿನೂರು ಹಳ್ಳಿಯ ಮುದುಕರು, ನಮ್ಮೆಲ್ಲರ ಮುತ್ಯಾ, ಬಾಗಿಲು ತೆರೆದರು. ಹಿಂದೆಯೇ ಕೆಂಡದ ಪಾತ್ರೆ ಹಿಡಿದು ಒಬ್ಬ ಫಕೀರರು, ಗುರುವಾರಕ್ಕೊಮ್ಮೆ ಅಂಗಡಿ ಅಂಗಡಿಗೆ ಲೋಬಾನ್ ಧೂಪದ ಹೊಗೆ ಹಾಕುವವರು. ನವಿಲುಗರಿಯಿಂದ ಪಂಜರಗಳ ಮೇಲೆ ಹೊಗೆ ಬೀಸಿದರು. ಇಲಿಗಳು ಒಂದರ ಮೇಲೊಂದು ಬಿದ್ದು ಮೂಲೆ ಸೇರಿದವು.

"ಇದೇನ್ ಮಾಡಾಕತ್ತೀರಿ ಮುತ್ಯಾ?"

"ಇಲಿ ಸಾಯಾಕತ್ತಿದ್ವಲ್ರಿ ಬಾಯೋರ. ದೃಷ್ಟಿ ಆಗ್ಯದ. ಹೊಗಿ ನಿಲ್ಲಿಸಿದ್ರ ನಾ ಪಂಜರ ಮುಟ್ಟಂಗಿಲ್ಲ ನೋಡ್ರಿ."

"ಇಲಿಗಿ ಯಾರ್ ದೃಷ್ಟಿ ಹಾಕ್ತಾರ?"

"ಮತ್ತ ನೀವ ದಿನಾ ಕಣ್ಣ ಕಿಸದು ನೋಡ್ತೀರಲ್ರಿ!"

ಮುತ್ಯಾನೊಂದಿಗೆ ವಾದ ಹೂಡಿ ಲಾಭವಿರಲಿಲ್ಲ. ಫಕೀರರ ಕಡೆ ತಿರುಗಿದೆ.

"ಸಾಬ್ರ, ಮೊದಲ ಬಾಜಾರಕ್ಕ ಹೋಗಿ, ನಮ್ಮಲ್ಲಿ ಕಡಿಗಿ ಬರ್ರಿ."

"ನನ್ನ ಮನಿ ಇದ ಕಡಿ ಅದ ಬೇಟಿ. ಕಾಲು ನೋಯ್ತಾವ."

"ಅಂಗಡಿ ತೆರಿಯೂ ಹೊತ್ತಿಗಿ ಹೊಗಿ ಬಿದ್ರ ಸಾಹುಕಾರ ಖುಷಿಲೆ ಕೊಡ್ತಾನ. ಗಿರಾಕಿ ತುಂಬಿದ ಮ್ಯಾಲ ಹೋದ್ರ ಮುಂದಕ್ಕ ಹೋಗು ಅಂತಾನ. ಇಲ್ಲಿ ಇಲಿ ಏನ್ ಕೊಡ್ತಾವ್ರಿ?"

ಅವರು ಗಡ್ಡ ನೀವಿಕೊಂಡರು. "ಇಲಿ ಮುಂದಕ್ಕ ಹೋಗು ಅನ್ನಂಗಿಲ್ಲ ಬೇಟಿ, ಅದ ಅವುಗಳ ಚಲೋ ಗುಣ," ಎಂದು ನಕ್ಕು ಒಪ್ಪಿದರು. ಹೊಗೆ ನಿಲ್ಲುವುದಿಲ್ಲವೆಂದು ತಿಳಿದು ಮುತ್ಯಾ ಕೂಡ ಕಾಳಿನ ಡಬ್ಬಿ ಎತ್ತಿಕೊಂಡರು. ಚೌಕಾಶಿಗೆ ನಿಂತಾಗ ನಿಮ್ಮ ಕಷ್ಟ ಹೇಳಿಕೊಳ್ಳಬೇಡಿ, ಎದುರಿನವರ ಲಾಭ ಹೇಳಿ.

ಅಂದಿನ ರಕ್ತ ಕಳಿಸಲಿಲ್ಲ. ಮುಂದಿನ ಗುರುವಾರ ಫಕೀರರು ಬರುವಷ್ಟರಲ್ಲಿ ನನ್ನ ಥರ್ಮಾಸು ಬಸ್ಸು ಹತ್ತಿತ್ತು. ಉತ್ತರ ಬಂದಾಗ ನೆಮ್ಮದಿಯ ಇಲಿಗಳ ಅಂಕಿ ಕೆಳಗಿಳಿದಿತ್ತು, ಹೆದರಿದವುಗಳದು ಮೇಲೆಯೇ ಇತ್ತು. ಹಿಂದಿನದನ್ನೆಲ್ಲ ಬಿಟ್ಟು ಮೊದಲಿನಿಂದ ಮಾಡಬೇಕಾಯಿತು, ಅದು ಬೇರೆ ಮಾತು. ಮಾರ್ಗದರ್ಶಕರು ಎರಡೂ ಅಂಕಿಗಳನ್ನು ಕನ್ನಡಕ ಏರಿಸಿ ನೋಡಿ, "ವಿಷಯ ಇದ ಇರ್ಲಿ," ಎಂದರು.