ಹಿಂದಿನ ಚಕ್ರದ ನಾಲ್ಕನೇ ಪಂಕ್ಚರ್

ತೊಂಬತ್ತರ ದಶಕದ ನಡುಭಾಗ. ನಾನು ಪ್ರಾಥಮಿಕ ಶಾಲೆಯ ಟೀಚರಾಗಿ ಸೇರಿದ ಹೊಸದು. ನಮ್ಮ ಮನೆ ಹಳೇಬೀಡಿನಲ್ಲಿ, ನನ್ನ ಶಾಲೆ ಹಗರೆಯಿಂದ ಮೂರು ಮೈಲಿ ಒಳಗೆ, ನಮ್ಮೆಜಮಾನರ ಆಫೀಸು ಬೇಲೂರಿನಲ್ಲಿ. ಹಗರೆಗೆ ಬಸ್ಸುಗಳಿದ್ದರೂ ಅಲ್ಲಿಂದ ಒಳಗೆ ಹೋಗುವ ಬಸ್ಸು ಬೆಳಗಿನ ನನ್ನ ಹೊತ್ತಿಗೆ ಇರಲಿಲ್ಲ. ಹಾಗಾಗಿ ಅವರು ದಿನವೂ ಮೋಟಾರ್ ಸೈಕಲ್ಲಿನಲ್ಲಿ ನನ್ನನ್ನು ಶಾಲೆಗೆ ಬಿಟ್ಟು, ಹಗರೆಗೆ ವಾಪಸ್ ಬಂದು ಬೇಲೂರಿನ ದಾರಿ ಹಿಡಿಯುತ್ತಿದ್ದರು. ಸಂಜೆ ನಾನು ಬಸ್ಸಿನಲ್ಲಿ ಬರುತ್ತಿದ್ದೆ.

ಆ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಹಿಂದಿನ ಚಕ್ರಕ್ಕೆ ಅದೇನು ಬಂತೋ, ಒಂದೇ ತಿಂಗಳಲ್ಲಿ ಮೂರು ಸಲ ಪಂಕ್ಚರ್. ಮೂರು ಸಲವೂ ಬೆಳಿಗ್ಗೆಯೇ, ನಾನು ಹಿಂದೆ ಕೂತಿದ್ದಾಗಲೇ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಮೂರು ಕೆಂಪು ಗುರುತು ಬಿದ್ದವು. ಹೆಡ್ ಮಾಸ್ಟರು ಕೆಟ್ಟವರಲ್ಲ, ಆದರೆ ಗಡಿಯಾರ ಬಿಟ್ಟರೆ ಬೇರೆ ದೇವರಿಲ್ಲದ ಮನುಷ್ಯ. "ಇನ್ನೊಂದು ಸಲ ಆದ್ರೆ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ ಮೇಡಂ. ಕೆಲಸ ಇನ್ನೂ ಕಾಯಂ ಆಗಿಲ್ಲ ನಿಮ್ಮದು, ನೋಡ್ಕೊಳ್ಳಿ" ಎಂದಿದ್ದರು.

ನಮ್ಮೆಜಮಾನರು ಒಬ್ಬರೇ ಓಡಿಸುವಾಗ ಚಕ್ರಕ್ಕೆ ಏನೂ ಆಗುತ್ತಿರಲಿಲ್ಲ. ಅವರಿಗೆ ಅಷ್ಟು ಸಾಕಾಯಿತು. "ಅರ್ಧ ಮುದ್ದೆ ಕಮ್ಮಿ ಮಾಡು ಕಣೇ, ಟೈರಾದ್ರೂ ಉಳ್ಕೊಳ್ಳುತ್ತೆ" ಅನ್ನುವರು. ನಾನು ನಕ್ಕರೂ ಒಳಗೊಳಗೆ ಚುಚ್ಚುತ್ತಿತ್ತು. ಗುಂಡಿ ಬಂದಾಗಲೆಲ್ಲ ಕಾಲಿಡುವ ಕಂಬಿ ತುಳಿದುಕೊಂಡು ಸೀಟಿನಿಂದ ಅಷ್ಟೆತ್ತರ ಏಳುವ ಅಭ್ಯಾಸ ಮಾಡಿಕೊಂಡೆ. ಭಾರ ಕಮ್ಮಿಯಾಗಲಿ ಅಂತ.

ನಾಲ್ಕನೆಯದು ಊರು ದಾಟುವ ಮೊದಲೇ ಆಯಿತು. ಹಿಂದಿನ ಮೂರನ್ನೂ ಹಗರೆ ದಾರಿಯಲ್ಲಿ ಕೈಗೆ ಸಿಕ್ಕವರಿಂದ ಹಾಕಿಸಿದ್ದೆವು. ಈ ಸಲ ಗಾಡಿ ತಳ್ಳಿಕೊಂಡು ನಮ್ಮೂರಿನದೇ ಪಂಕ್ಚರ್ ಅಂಗಡಿಗೆ ಹೋದೆವು. ತಗಡಿನ ಚಪ್ಪರ, ಅಡ್ಡಕ್ಕೆ ಸೀಳಿದ ಡ್ರಮ್ಮಿನಲ್ಲಿ ನೀರು, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ. ಆಗ ಒಂಬತ್ತೂ ಕಾಲು.

ಅವರು ಟೈರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ ಟ್ಯೂಬು ಎಳೆದರು. ಗಾಳಿ ತುಂಬಿ ನೀರಿನಲ್ಲಿ ಅದ್ದಿದಾಗ ಗುಳ್ಳೆ ಎದ್ದಿತು. ಪ್ಯಾಚ್ ಹಾಕಲು ಹೋಗಲಿಲ್ಲ. ಟ್ಯೂಬನ್ನು ತೊಡೆಯ ಮೇಲೆ ಹರವಿಕೊಂಡು ನೋಡುತ್ತಲೇ ಕೂತರು.

"ಸಾರ್, ಬನ್ನಿ ಇಲ್ಲಿ. ಹಳೇ ಪ್ಯಾಚ್ ಮೂರು, ಹೊಸಾ ತೂತು ಒಂದು. ನಾಲ್ಕೂ ಒಂದು ಗೇಣಿನೊಳಗೇ ಐತೆ. ರಸ್ತೆ ಮೊಳೆ ಆಗಿದ್ರೆ ಒಂದೊಂದು ಒಂದೊಂದ್ ಕಡೆ ಚುಚ್ಚಬೇಕಿತ್ತು. ಇದು ಟೈರಿನೊಳಗೇ ಮನೆ ಮಾಡ್ಕೊಂಡು ಏನೋ ಕೂತೈತೆ. ಯಾರೂ ಟೈರ್‌ನ ರಿಮ್ಮಿಂದ ಪೂರ್ತಿ ಬಿಚ್ಚಿಲ್ಲ."

"ಕಾರಣ ಆಮೇಲ್ ಹುಡುಕೋಣ. ಪ್ಯಾಚ್ ಹಾಕಪ್ಪ ಬೇಗ" ಎಂದರು ನಮ್ಮೆಜಮಾನರು. "ಭಾನುವಾರ ಅರಸೀಕೆರೆಗೆ ಹೋಗಿ ಹೊಸ ಟೈರೇ ಹಾಕಿಸ್ತೀನಿ."

"ಹಾಕ್ಸಿ ಸಾರ್, ಬ್ಯಾಡ ಅಂದೋರ್ಯಾರು. ಟೈರ್ ನೋಡಿದ್ರೆ ಇನ್ನೂ ಗೆರೆ ಸವೆದಿಲ್ಲ. ಏನ್ ತಪ್ಪು ಮಾಡೈತೆ ಅಂತ ಕೇಳ್ದೇ ಎಸೀತೀರಾ?" ಅವರು ನನ್ನ ಕಡೆ ತಿರುಗಿದರು. "ಅಕ್ಕ, ಪ್ಯಾಚ್ ಹಾಕಿ ಹತ್ತು ನಿಮಿಷಕ್ಕೆ ಕಳಿಸ್ತೀನಿ. ಇವತ್ತು ಹೊತ್ತಿಗ್ ಸರಿಯಾಗಿ ಮುಟ್ಟಬಹುದು, ನಾಳೆ ಮಾತು ನಾನ್ ಹೇಳಲ್ಲ. ಪೂರ್ತಿ ಬಿಚ್ಚಿ ಹುಡುಕಬೇಕಂದ್ರೆ ಮುಕ್ಕಾಲು ಗಂಟೆ. ಹಿಂದಿನ ಚಕ್ರದ ಮೇಲೆ ಕೂರೋರು ನೀವು, ನೀವೇ ಹೇಳಿ."

ಗಾಡಿಯ ವಿಷಯಕ್ಕೆ ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿದ್ದಿಲ್ಲ. ಪ್ಯಾಚ್ ಹಾಕಿಸಿಕೊಂಡರೆ ಹತ್ತು ಗಂಟೆಯೊಳಗೆ ಶಾಲೆಯಲ್ಲಿರಬಹುದಿತ್ತು. ಆದರೆ ನಾಳೆ ಬೆಳಿಗ್ಗೆ ಮತ್ತೆ ಇದೇ ಎದೆ ಡವಡವ. "ಬಿಚ್ಚಿ" ಎಂದೆ.

"ನಿನ್ ಕೆಲಸ ಕಣೇ, ನಿನ್ನಿಷ್ಟ" ಎಂದು ಇವರು ಗಡಿಯಾರ ನೋಡಿಕೊಂಡರು.

ಆ ಮನುಷ್ಯ ಕೆಲಸ ಮಾಡುವುದನ್ನು ನೋಡಬೇಕಿತ್ತು. ವಾಲ್ವ್ ಇದ್ದ ಜಾಗಕ್ಕೆ ನೇರವಾಗಿ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಟೈರನ್ನು ಹೊರಗೆಳೆದು, ಟ್ಯೂಬಿನಲ್ಲಿ ವಾಲ್ವಿನಿಂದ ತೂತಿಗೆ ಇದ್ದಷ್ಟೇ ದೂರ ಆ ಗೆರೆಯಿಂದ ಗೇಣು ಹಾಕಿ, ತೂತಿನ ಎದುರಿನ ಜಾಗ ಗುರುತಿಸಿದರು. ಒಳಗೆ ಬೆರಳಾಡಿಸಿದರು. ಏನೂ ಇಲ್ಲ. ಮತ್ತೆ ಆಡಿಸಿದರು, ಕಣ್ಣು ಮುಚ್ಚಿಕೊಂಡು. ಇಲ್ಲ.

"ಸಾರ್, ಇದನ್ನ ಕಲ್ಲಿನ ಮೇಲಿಡ್ತೀನಿ, ಎರಡೂ ಕಾಲಲ್ಲಿ ಅಮುಕಿ ನಿಂತ್ಕೊಳ್ಳಿ."

ಆಫೀಸಿನ ಇಸ್ತ್ರಿ ಪ್ಯಾಂಟಿನಲ್ಲಿ ನಮ್ಮೆಜಮಾನರು ಚಪ್ಪರದ ಕಂಬ ಹಿಡಿದು ಟೈರ್ ಹತ್ತಿ ನಿಂತರು. ಟೈರ್ ಅಮುಕಿಕೊಂಡಿತು. ಆ ಮನುಷ್ಯ ಬಾಯಿ ಅಗಲಿಸಿದ ಟೈರಿನೊಳಗೆ ಹತ್ತಿಯ ಉಂಡೆಯೊಂದನ್ನು ನಿಧಾನಕ್ಕೆ ಸವರಿಕೊಂಡು ಹೋದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. "ಸಿಕ್ತು ಕಳ್ಳ! ಅಲ್ಲಾಡ್ಬೇಡಿ ಸಾರ್" ಎಂದು ಇಕ್ಕಳ ಹಾಕಿ ಎಳೆದರು. ಮುರಿದ ಜಾಲಿ ಮುಳ್ಳಿನ ತುದಿ, ಭತ್ತದ ಕಾಳಿನಷ್ಟು ಉದ್ದ.

"ಟೈರಿಗೆ ಭಾರ ಬಿದ್ದಾಗ ಮೂತಿ ಹೊರಗ್ ಹಾಕ್ತದೆ. ಸಾರ್ ಒಬ್ರೇ ಇದ್ರೆ ಒಳಗೇ ಮಲಗಿರ್ತದೆ" ಎಂದರು.

"ಅಂದ್ರೆ ಇವಳ ಭಾರದಿಂದ್ಲೇ ಆಗಿದ್ದು ಅಂತಾಯ್ತಲ್ಲ!"

"ಅಕ್ಕ ಗಾಡಿ ಓಡ್ಸಿ ನೀವ್ ಹಿಂದೆ ಕೂತಿದ್ರೂ ಅಷ್ಟೇ ಸಾರ್. ಮುಳ್ಳಿಗೇನು ಗಂಡ ಹೆಂಡ್ತಿ ಗೊತ್ತಾ?" ಎಂದು ನಕ್ಕರು. ಧೈರ್ಯ ಮಾಡಿ ನಾನು ಎದ್ದೆದ್ದು ಕೂರುವ ಉಪಾಯ ಹೇಳಿಬಿಟ್ಟೆ. "ಅಯ್ಯೋ, ಎದ್ರೂ ಗಾಡಿ ಮೇಲೇ ತಾನೇ ಅಕ್ಕ ಇದೀರ? ಸುಮ್ನೆ ಸೊಂಟ ನೋವು" ಎಂದರು.

ಟೈರಿಗೆ ಏನೂ ಆಗಿಲ್ಲ, ಇನ್ನೊಂದು ವರ್ಷ ಧಾರಾಳವಾಗಿ ಓಡುತ್ತದೆ, ಟ್ಯೂಬು ಮಾತ್ರ ಬದಲಾಯಿಸಿ ಎಂಬುದು ಅವರ ತೀರ್ಪು. ಹೊಸ ಟ್ಯೂಬು ಹಾಕಿಸಿಕೊಂಡು ಹೊರಟೆವು. ಹತ್ತೂವರೆಗೆ ಶಾಲೆ ಮುಟ್ಟಿದೆ. ನಾಲ್ಕನೇ ಕೆಂಪು ಗುರುತು ಬಿತ್ತು. ಹೆಡ್ ಮಾಸ್ಟರು ಹೇಳಿದ ಹಾಗೇ ಮೇಲಕ್ಕೆ ಬರೆದರು. ಕಾರಣ ಕೇಳಿ ಕಾಗದ ಬಂದಾಗ ನಡೆದದ್ದನ್ನು ನಡೆದ ಹಾಗೆ ಬರೆದು, ಇನ್ನು ತಡವಾಗುವುದಿಲ್ಲ ಎಂದು ಸಹಿ ಹಾಕಿದೆ. ಆ ಕೊನೆಯ ವಾಕ್ಯ ಬರೆಯುವಾಗ ನನಗಿದ್ದ ಧೈರ್ಯವೆಲ್ಲ ಆ ಮನುಷ್ಯನ ಕೈಗಳನ್ನು ನಂಬಿಯೇ.

ಮುಂದಿನ ಬೇಸಿಗೆ ರಜೆಗೆ ಮುಂಚೆ ಹೆಡ್ ಮಾಸ್ಟರು ನನ್ನ ಕೆಲಸ ಕಾಯಂ ಮಾಡಬಹುದೆಂದು ಬರೆಯಲು ಹಾಜರಿ ಪುಸ್ತಕ ತಿರುವಿಹಾಕುತ್ತಿದ್ದರು. ಹಾಳೆ ಮೇಲೆ ಹಾಳೆ, ಒಂದೂ ಕೆಂಪಿಲ್ಲ.

"ಆಮೇಲೆ ಒಂದಿನಾನೂ ತಡ ಇಲ್ವಲ್ಲ ಮೇಡಂ. ಹೊಸ ಟೈರ್ ಹಾಕಿಸಿದ್ರಾ?"

"ಇಲ್ಲ ಸಾರ್, ಅದೇ ಟೈರು" ಎಂದೆ.