ಗಾಜಿನ ಹೊರಗೆ ಕೂತ ಜೋಸ್ಫಿನ್ ಬಾಯಿ

ಆ ಶುಕ್ರವಾರ ಜೋಸ್ಫಿನ್ ಬಾಯಿಯ ಮಡಿಲಲ್ಲಿ ಏಳು ಜನರ ಸಾಮಾನು ಬಿದ್ದಿತ್ತು. ಮಗ ಆಗಸ್ಟಿನ್‌ನ ಮೊಬೈಲು, ಸೊಸೆ ಅನ್ನಾಳ ಕೈಚೀಲ, ಮೊಮ್ಮಕ್ಕಳಾದ ರೀಮಾ ಮತ್ತು ಇವಾನ್‌ನ ಚಪ್ಪಲಿ, ಮಗನ ಮ್ಯಾನೇಜರ್ ಥಾಮಸ್‌ನ ಕೂಲಿಂಗ್ ಗ್ಲಾಸು, ಅವನ ಹೆಂಡತಿಯದ್ದು, ಅವರ ಹುಡುಗ ಡ್ಯಾರಲ್‌ನದ್ದು. ದುಬೈಯ ಮಾಲ್ ಒಂದರ ಒಳಗಿನ ಹಿಮದ ಪಾರ್ಕು ಅದು. ಹೊರಗೆ ಜುಲೈ ತಿಂಗಳ ಬಿಸಿಲು ಟಾರನ್ನು ಕರಗಿಸುತ್ತಿತ್ತು. ಒಳಗೆ ದಪ್ಪ ಗಾಜಿನ ಆಚೆ ಎಲ್ಲವೂ ಬೆಳ್ಳಗೆ. ಗಾಜಿನ ಈಚೆ ಒಂದು ಬೆಂಚು, ಬೆಂಚಿನ ಮೇಲೆ ಸೀರೆಯುಟ್ಟ ಮುದುಕಿ.

ಎರಡು ತಿಂಗಳ ವಿಸಿಟ್ ವೀಸಾ ಮುಗಿಯಲು ನಾಲ್ಕು ದಿನ ಉಳಿದಿತ್ತು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಫ್ಲ್ಯಾಟಿನಲ್ಲಿ ಮೊಮ್ಮಕ್ಕಳು ಮಾತಿಗೆ ಸಿಗುತ್ತಿದ್ದದ್ದೇ ಕಡಿಮೆ. ಸಿಕ್ಕರೂ ಅವಳು ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ತುಂಡು ಉತ್ತರ. ಹಿಮದಲ್ಲಾದರೂ ಒಂದು ಗಳಿಗೆ ಅವರ ಜೊತೆ ಆಡಬೇಕು ಎಂದು ವಾರದಿಂದ ಕಾದಿದ್ದಳು. ಅನ್ನಾಳ ಹಳೆಯ ಕಾಲುಚೀಲಗಳನ್ನು ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವಾಗಲೇ ಚೀಲಕ್ಕೆ ತುರುಕಿಕೊಂಡಿದ್ದಳು.

ಟಿಕೇಟಿನ ಕಿಟಕಿಯಲ್ಲಿ ಆಗಸ್ಟಿನ್ ಬೆರಳೆತ್ತಿ ಹೇಳಿದ್ದು ಏಳು.

"ನನ್ನದು?"

"ನಿಮಗೆ ತಂಡಿ ಆಗಿಬರುವುದಿಲ್ಲ ಮಾಂಯ್. ಮೊಣಕಾಲು ಹಿಡಿದುಕೊಳ್ಳುತ್ತದೆ. ಇಲ್ಲಿ ಕೂತುಕೊಳ್ಳಿ, ಗಾಜಿನಲ್ಲಿ ಎಲ್ಲ ಕಾಣುತ್ತದೆ."

ತಂಡಿ ಆಗಿಬರುವುದಿಲ್ಲವಂತೆ! ಜೋಸ್ಫಿನ್ ಬಾಯಿಗೆ ಕಿವಿ ಬಿಸಿಯಾಯಿತು. ಆದರೆ ಹೊಟ್ಟೆ ಉರಿದದ್ದು ಅದಕ್ಕಿಂತ ಮೊದಲಿನ ಮಾತಿಗೆ. ಕಾರು ನಿಲ್ಲಿಸುವಲ್ಲಿ ಥಾಮಸ್ ಬಹಳ ಮರ್ಯಾದೆಯಿಂದ ಕೇಳಿದ್ದ, "ಬಾಯಿ, ಮಲ್ಪೆಯಲ್ಲಿ ನಿಮ್ಮದೇ ಐಸ್ ಪ್ಲಾಂಟ್ ಇತ್ತಂತೆ? ಆಗಸ್ಟಿನ್ ಹೇಳ್ತಾ ಇರ್ತಾನೆ." ಅವಳು ಮಗನ ಮುಖ ನೋಡಿದಳು. ಮಗ ಕಾರಿನ ಡಿಕ್ಕಿಯೊಳಗೆ ತಲೆ ಹಾಕಿ ಏನೋ ಹುಡುಕುತ್ತಿದ್ದ. ಡಿಕ್ಕಿಯಲ್ಲಿ ಏನೂ ಇರಲಿಲ್ಲ.

ಇತ್ತು ಐಸ್ ಪ್ಲಾಂಟು. ಅವಳಿಗೆ ಕೂಲಿ ಕೊಡುತ್ತಿದ್ದ ಧಣಿಯದ್ದು. ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಆಗಸ್ಟಿನ್‌ಗೆ ನಾಲ್ಕು ವರ್ಷ. ಮೂರನೇ ಕ್ಲಾಸು ಕಲಿತವಳಿಗೆ ಬೇರೆ ಯಾವ ಕೆಲಸ ಸಿಗುತ್ತದೆ? ಮೆಶಿನ್ನಿನಲ್ಲಿ ಪುಡಿಯಾಗಿ ಬಿದ್ದ ಐಸನ್ನು ಬುಟ್ಟಿಗೆ ತುಂಬಿ, ತಲೆಗೆ ಸಿಂಬೆ ಇಟ್ಟು, ಮೀನಿನ ದೋಣಿ ನಿಲ್ಲುವ ದಕ್ಕೆಗೆ ಹೊತ್ತಳು. ಪೆಟ್ಟಿಗೆಯಲ್ಲಿ ಒಂದು ಸಾಲು ಐಸು, ಒಂದು ಸಾಲು ಬಂಗುಡೆ, ಮತ್ತೆ ಐಸು. ಕರಗಿದ ನೀರು ಕುತ್ತಿಗೆಯಿಂದ ಇಳಿದು ಲಂಗದ ತನಕ ಒದ್ದೆ. ಇಪ್ಪತ್ತೆರಡು ವರ್ಷ. ಬಲಗೈಯ ಎರಡು ಬೆರಳ ತುದಿಗೆ ಈಗಲೂ ಸೂಜಿ ಚುಚ್ಚಿದರೆ ಗೊತ್ತಾಗುವುದಿಲ್ಲ. ಇದೇ ಆಗಸ್ಟಿನ್ ಶಾಲೆ ಬಿಟ್ಟವನು ನೇರ ದಕ್ಕೆಗೆ ಬಂದು, ಮಗುಚಿದ ಪೆಟ್ಟಿಗೆಯ ಮೇಲೆ ಕೂತು, ಅವಳು ತೊಳೆದು ಕೊಟ್ಟ ಐಸಿನ ತುಂಡನ್ನು ಚೀಪುತ್ತಿದ್ದ. ಆಗ ಅವನ ತಾಯಿಗೆ ತಂಡಿ ಆಗಿಬರುತ್ತಿತ್ತು!

ಗಾಜಿನಾಚೆ ರೀಮಾ ರಬ್ಬರ್ ಟ್ಯೂಬಿನಲ್ಲಿ ಕೂತು ಇಳಿಜಾರಿನಲ್ಲಿ ಕಿರುಚುತ್ತ ಜಾರಿದಳು. ಅನ್ನಾ ಮತ್ತು ಥಾಮಸ್‌ನ ಹೆಂಡತಿ ಹಿಮದ ಗೊಂಬೆ ಮಾಡಲು ಹೊರಟಿದ್ದರು. ಗೊಂಬೆ ನಿಲ್ಲುತ್ತಲೇ ಇರಲಿಲ್ಲ, ತಲೆ ಇಟ್ಟರೆ ಹೊಟ್ಟೆ ಕುಸಿಯುತ್ತಿತ್ತು. "ಒತ್ತಬೇಕು, ಒತ್ತಿ ಕಟ್ಟಬೇಕು, ಹಿಟ್ಟು ಉದುರಿಸಿದ ಹಾಗಲ್ಲ," ಎಂದು ಜೋಸ್ಫಿನ್ ಬಾಯಿ ಬೆಂಚಿನಲ್ಲೇ ಗೊಣಗಿದಳು. ಆಗಸ್ಟಿನ್ ಒಮ್ಮೆ ಗಾಜಿನ ಹತ್ತಿರ ಬಂದು ಕೈ ಬೀಸಿದ. ಅವಳು ಬೀಸಲಿಲ್ಲ. ಎರಡೂ ಕೈಯಲ್ಲಿ ಇನ್ನೊಬ್ಬರ ಸಾಮಾನಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ಇವಾನ್ ಅಳುತ್ತ ಬಂದ. ಹಿಂದೆಯೇ ಉಳಿದವರೆಲ್ಲ. ಗ್ಲೌಸ್ ತೆಗೆದು ಯಾರು ಹೆಚ್ಚು ಹೊತ್ತು ಹಿಮ ಹಿಡಿಯುತ್ತಾರೆಂದು ಡ್ಯಾರಲ್ ಜೊತೆ ಪಂಥ ಕಟ್ಟಿದ್ದನಂತೆ. ಗೆದ್ದಿದ್ದ. ಹದಿಮೂರು ವರ್ಷದ ಹುಡುಗನ ಬೆರಳುಗಳು ಮೇಣದ ಹಾಗೆ ಬಿಳುಚಿಕೊಂಡಿದ್ದವು.

"ಬೇಗ ಬಾ, ವಾಶ್‌ರೂಮಿನಲ್ಲಿ ಬಿಸಿ ನೀರುಂಟು," ಎಂದು ಅನ್ನಾ ಅವನನ್ನು ಎಳೆದಳು.

"ಬಿಡು ಅವನ ಕೈ!"

ಮಡಿಲಿನ ಸಾಮಾನೆಲ್ಲ ನೆಲಕ್ಕೆ ಬಿತ್ತು. ಜೋಸ್ಫಿನ್ ಬಾಯಿ ಎದ್ದು ನಿಂತಿದ್ದಳು. "ಐಸು ಹಿಡಿದ ಕೈಯನ್ನು ಬಿಸಿ ನೀರಿಗೆ ಹಾಕುವುದಾ? ಚರ್ಮ ಸುಟ್ಟರೂ ಅವನಿಗೆ ಗೊತ್ತಾಗಲಿಕ್ಕಿಲ್ಲ. ಬಾ ಇಲ್ಲಿ ಪುತಾ." ಅವನ ಎರಡೂ ಕೈಗಳನ್ನು ತನ್ನ ಕಂಕುಳಿಗೆ ಸಿಕ್ಕಿಸಿ, ತೋಳು ಬಿಗಿ ಮಾಡಿದಳು. "ತಿಕ್ಕಬೇಡ. ಸುಮ್ಮನೆ ನಿಲ್ಲು. ಈಗ ಇರುವೆ ಕಚ್ಚಿದ ಹಾಗೆ ಆಗುತ್ತದೆ, ಆಗಲಿ."

"ಓ, ಗ್ರ್ಯಾನಿ, ಇಟ್ಸ್ ಪೇನಿಂಗ್!"

"ನೋಯಲಿ. ನೋಯುವುದೇ ಒಳ್ಳೆಯದು. ಜೀವ ಬರುವಾಗ ನೋಯುತ್ತದೆ."

ಸ್ವಲ್ಪ ಹೊತ್ತಿನಲ್ಲಿ ಬೆರಳು ಕೆಂಪಾದವು. ಥಾಮಸ್ ಬೆರಗಾಗಿ ಕೇಳಿದ, "ಇದೆಲ್ಲ ನಿಮಗೆ ಹೇಗೆ ಗೊತ್ತು ಬಾಯಿ?"

"ಪ್ಲಾಂಟಿನಲ್ಲಿ ಕೆಲಸದವರನ್ನು ನೋಡಿದ್ದಾರಲ್ಲ ಸರ್," ಎಂದು ಆಗಸ್ಟಿನ್ ನಡುವೆ ಹೇಳಿದ.

ಜೋಸ್ಫಿನ್ ಬಾಯಿ ಮಗನ ಕಡೆ ತಿರುಗಿದಳು.

"ನೋಡಿದ್ದಲ್ಲ ಮಾರಾಯ, ಹೊತ್ತದ್ದು! ಈ ತಲೆಯಲ್ಲಿ, ಇಪ್ಪತ್ತೆರಡು ವರ್ಷ. ಈ ಎರಡು ಬೆರಳು ಸತ್ತದ್ದು ಅದರಿಂದಲೇ. ಆ ಕೆಲಸದವಳು ನಾನೇ. ನನ್ನನ್ನು ಯಜಮಾನ್ತಿ ಮಾಡಲಿಕ್ಕೆ ನಿನಗೆ ಯಾರು ಹೇಳಿದ್ದು? ನಾಚಿಕೆ ಆಗುವುದಾದರೆ ಆ ಐಸು ಚೀಪುವಾಗ ಆಗಬೇಕಿತ್ತು!"

ಪಕ್ಕದ ಬೆಂಚಿನ ಅರಬ್ಬಿ ಹೆಂಗಸರು ತಿರುಗಿ ನೋಡಿದರು. ಅನ್ನಾ ನೆಲದ ಸಾಮಾನು ಹೆಕ್ಕತೊಡಗಿದಳು. ಥಾಮಸ್ ಬಗ್ಗಿ ತನ್ನ ಬೂಟಿನ ಲೇಸು ಕಟ್ಟತೊಡಗಿದ. ರೀಮಾ ಮಾತ್ರ ಅಜ್ಜಿಯ ಬಲಗೈ ಹಿಡಿದು, ಆ ಎರಡು ಬೆರಳನ್ನು ಮುಟ್ಟಿ ಮುಟ್ಟಿ ನೋಡಿದಳು. "ರಿಯಲಿ, ಗ್ರ್ಯಾನಿ? ಟ್ವೆಂಟಿ ಟೂ ಇಯರ್ಸ್?" ಆಮೇಲೆ ತಡವರಿಸಿ ಅಜ್ಜಿಯ ಮಾತಿನಲ್ಲೇ ಕೇಳಿದಳು, "ನೀವು ಯಾಕೆ ಒಳಗೆ ಬರಲಿಲ್ಲ?"

"ನಿನ್ನ ಅಪ್ಪನನ್ನು ಕೇಳು."

ಆಗಸ್ಟಿನ್ ಮುಖ ತಗ್ಗಿಸಿ ಟಿಕೇಟಿನ ಕಿಟಕಿಗೆ ಹೋಗಿ ಬಂದ. "ತಪ್ಪಾಯಿತು ಮಾಂಯ್," ಎಂದು ಟಿಕೇಟು ಚಾಚಿದ.

"ತಪ್ಪಾಯಿತೋ ಇಲ್ಲವೋ ಅದು ಮನೆಗೆ ಹೋದ ಮೇಲೆ. ಕೂತುಕೋ ಇಲ್ಲಿ." ಏಳು ಜನರ ಸಾಮಾನನ್ನು ಅನ್ನಾಳ ಕೈಯಿಂದ ತೆಗೆದು ಮಗನ ಮಡಿಲಿಗೆ ಹಾಕಿದಳು. "ಗಾಜಿನಲ್ಲಿ ಎಲ್ಲ ಕಾಣುತ್ತದೆ."

ಕಾಲುಚೀಲ ಏರಿಸಿ, ಸೀರೆಯನ್ನು ದಕ್ಕೆಯಲ್ಲಿ ಕಟ್ಟುತ್ತಿದ್ದ ಹಾಗೆ ಮೊಣಕಾಲಿಗೆ ಎತ್ತಿ ಕಟ್ಟಿ, ಅದರ ಮೇಲೆ ಬಾಡಿಗೆಯ ಜಾಕೆಟ್ಟು, ಬೂಟು ಹಾಕಿಕೊಂಡು, ಇವಾನ್‌ಗೆ ಗ್ಲೌಸ್ ತೊಡಿಸಿ ಅವಳು ಮೊಮ್ಮಕ್ಕಳ ನಡುವೆ ಒಳಗೆ ಹೋದಳು. ಮೀನಿನ ವಾಸನೆ ಇಲ್ಲದ ಐಸನ್ನು ಆ ವಯಸ್ಸಿಗೆ ಮೊದಲ ಸಲ ಮೂಸಿದಳು. ಬೊಗಸೆ ತುಂಬ ತೆಗೆದು, ಒತ್ತಿ, ತಿರುಗಿಸಿ ಒತ್ತಿ, ಕಲ್ಲಿನಂಥ ಉಂಡೆ ಕಟ್ಟಿದಳು. ಆಗಸ್ಟಿನ್‌ನ ಮುಖ ಎಲ್ಲಿ ಕಾಣುತ್ತಿತ್ತೋ ಸರಿಯಾಗಿ ಅಲ್ಲಿಗೆ ಗಾಜಿಗೆ ಎಸೆದಳು. ಧಡ್ ಎಂದಿತು. ಮಡಿಲಿನ ಕೈಚೀಲವನ್ನು ಅಪ್ಪಿಕೊಂಡು ಅವನು ಬೆಚ್ಚಿಬಿದ್ದ.

"ಅಗೇನ್, ಗ್ರ್ಯಾನಿ!" ಇವಾನ್ ಕುಣಿದ.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಜೋಸ್ಫಿನ್ ಬಾಯಿ ಬಗ್ಗಿ ಇನ್ನೊಂದು ಉಂಡೆಗೆ ಕೈ ಹಾಕಿದಳು.